ತುಪ್ಪದ ಬಟ್ಟಲು ಕದ್ದವನು

ನಮ್ಮ ಸೋದರತ್ತೆ ವೀರಭದ್ರಮ್ಮ ಯಾರನ್ನೂ ನಂಬಿದವಳಲ್ಲ. ಹಾಲಿನವನು ಬಂದರೆ ಮೊದಲು ಅವನ ಕೈ ಒದ್ದೆಯಾಗಿದೆಯೋ ನೋಡುವಳು, ಆಮೇಲೆ ಹಾಲು ನೋಡುವಳು. ಜಂಗಮರು ಭಿಕ್ಷಕ್ಕೆ ಬಂದರೂ ಯಾವ ಊರು, ಯಾವ ಮಠ ಎಂದು ವಿಚಾರಿಸಿಯೇ ಜೋಳಿಗೆಗೆ ಜೋಳ ಹಾಕುವಳು. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಅಲ್ಲಿಗೆ ಬಂದರೆ ಸ್ವಂತ ಅಣ್ಣನ ಮಗ ಎಂಬುದನ್ನೂ ನೋಡದೆ, ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಅಂಟಿಸಿದ್ದೇನೆಯೋ ಎಂದು ಬೆರಳು ಹಾಕಿ ತಡವುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅತ್ತೀ, ನಾ ನಿನ್ನ ಅಳಿಯ ಅದೀನಿ ಬೇ!"

"ಅಳಿಯ ಅದೀ ಅಂತನ ನೋಡಾಕತ್ತೀನಿ ಮರಿಸ್ವಾಮಿ. ಹೊರಗಿನವ ಮೋಸ ಮಾಡಿದ್ರ ಬಾಯಿ ಮಾಡಬೌದು. ನೀ ಮಾಡಿದ್ರ ಯಾರ ಮುಂದ ಹೇಳ್ಕೊಳ್ಳಿ?"

ಅವಳನ್ನು ಹೀಗೆ ಮಾಡಿದ್ದು ಚೀಕಲಪರ್ವಿಯ ಗಂಡನ ಮನೆ. ಗಂಡ ಸತ್ತು ತಿಂಗಳಾಗಿರಲಿಲ್ಲ, ಮೈದುನ ಒಂದು ಕಾಗದ ತಂದು "ಸತ್ತದ್ದು ದಾಖಲಾಗಬೇಕು, ಹೆಬ್ಬಟ್ಟು ಒತ್ತವ್ವಾ" ಎಂದ. ಒತ್ತಿದಳು. ಹೊಳೆದಂಡೆಯ ಗದ್ದೆ ಅವನ ಹೆಸರಿಗೆ ಹೋಯಿತು. ಅಳುತ್ತ ಕೂರಲಿಲ್ಲ, ಟ್ರಂಕು ಹಿಡಿದು ರಾಯಚೂರಿಗೆ ಬಂದು ಖಾನಾವಳಿ ಇಟ್ಟಳು. ಗಿರಣಿಯ ಹಮಾಲರಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ ಎಲ್ಲರೂ ಅವಳ ರೊಟ್ಟಿ ತಿಂದು ಅವಳ ಬೈಗುಳ ಕೇಳಿದವರೇ.

ಇಂಥವಳು ಮನೆಮಠ ಇಲ್ಲದವರಿಗಾಗಿ ಊರಿಗೆ ಎದುರು ನಿಂತಳು ಎಂದರೆ ಈಗಿನವರು ನನ್ನನ್ನೇ ಸಂಶಯದಿಂದ ನೋಡುತ್ತಾರೆ. ನೋಡಲಿ. ಕರುಣೆಯಿಂದ ನಿಂತಳೆಂದು ನಾನೂ ಹೇಳುವುದಿಲ್ಲ.

ಅದು ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿ. ನಿಜಾಮರ ಸರ್ಕಾರ ಕಣಕ್ಕೇ ಬಂದು ಲೆವಿ ಕಾಳು ಅಳೆದುಕೊಂಡು ಹೋಗುತ್ತಿದ್ದ ಕಾಲ. ದೇವದುರ್ಗ, ಮಾನ್ವಿ ಕಡೆಯ ಕೂಲಿ ಜನಕ್ಕೆ ಊರಲ್ಲಿ ಕೂಲಿಯೂ ಇಲ್ಲ, ಕಾಳೂ ಇಲ್ಲ. ಗುಂಪುಗುಂಪಾಗಿ ರಾಯಚೂರಿಗೆ ಬಂದು ಸ್ಟೇಷನ್ನಿನ ಹೊರಗೆ, ಕೋಟೆಗೋಡೆಯ ಬುಡದಲ್ಲಿ ಬಿದ್ದುಕೊಂಡರು. ಅದೇ ಹೊತ್ತಿಗೆ ನಮ್ಮ ಓಣಿಯಲ್ಲಿ ಒಣಹಾಕಿದ ಧೋತರ, ಬಚ್ಚಲ ಹತ್ತಿರದ ತಂಬಿಗೆ ಮಾಯವಾಗತೊಡಗಿದವು. ಅಷ್ಟೇ ಸಾಕಾಯಿತು. ಯಾರ ಮನೆಯ ಕೋಳಿ ಕಾಣದಿದ್ದರೂ ಜನ ಕೋಟೆಗೋಡೆಯ ಕಡೆ ನೋಡುವರು.

ಓಣಿಯ ಹಿರಿಯರು ಪ್ರಾಣೇಶರಾಯರ ಕಟ್ಟೆಯ ಮೇಲೆ ಸೇರಿ ಕಮಿಟಿ ಮಾಡಿದರು. ಪ್ರಾಣೇಶರಾಯರು ವಕೀಲರು, ತಿಳಿದವರು, ಗ್ರಹಗತಿ ಜಾತಕ ಎಲ್ಲ ಬುರುಡೆ ಎನ್ನುವವರು. ಆ ಜನರನ್ನು ಲಾರಿ ಹತ್ತಿಸಿ ಊರ ಗಡಿ ದಾಟಿಸಬೇಕೆಂದು ಪೊಲೀಸ್ ಅಮೀನನಿಗೂ ಬಲ್ದಿಯಾಕ್ಕೂ, ಅಂದರೆ ಪುರಸಭೆಗೂ, ಅರ್ಜಿ ಕೊಡುವುದೆಂದು ತೀರ್ಮಾನವಾಗುತ್ತಿತ್ತು. ಅತ್ತೆ ಕರೆಯದೆಯೇ ಹೋಗಿ ಕಟ್ಟೆಯ ಕೆಳಗೆ ನಿಂತಳು.

"ವಕೀಲ್‍ಸಾಬ್ರ, ಇವ್ರು ಬರೂದಕ್ಕಿಂತ ಮುಂಚೆ ನಮ್ಮ ಓಣ್ಯಾಗ ತಂಬಿಗಿ ಕಳುವಾಗಿದ್ದಿಲ್ಲೇನ್ರಿ? ಆವಾಗ ಯಾರ ಹೆಸರು ಹೇಳ್ತಿದ್ರಿ?"

"ವೀರಭದ್ರಮ್ಮ, ನಿಮಗ ಅವರ ಮ್ಯಾಲೆ ಭರೋಸಾ ಅದ ಏನು?"

"ನನಗ ನಿಮ್ಮ ಮ್ಯಾಲೂ ಇಲ್ರಿ. ಅದಕ್ಕ ಹೇಳಾಕತ್ತೀನಿ. ಬಯಲಾಗ ಮಲಗಿದವ ಯಾವ ಸಂದಿ ಹೊಕ್ಕಾನು, ಯಾರು ನೋಡ್ಯಾರ? ಒಂದು ಸೂರಿನ ಕೆಳಗ ಹಾಕ್ರಿ. ಗಂಜಿ ನಾ ಕಾಸ್ತೀನಿ, ಬಾಗಲಾ ನಾ ಕಾಯ್ತೀನಿ. ಊರು ದಾಟ್ಸಿದ್ರ ನಾಳೆ ಮತ್ತ ನಡಕೊಂತ ಬರ್ತಾರ, ಹೊಟ್ಟಿ ಇಲ್ಲೇ ಅದ ಅವರದು."

ಅಕ್ಕಿ ಗಿರಣಿಯ ಶರಣಯ್ಯನವರಿಗೆ ಒಂದು ಖಾಲಿ ಗೋದಾಮಿತ್ತು. ಅತ್ತೆ ದಿನವೂ ಅವರ ಗಿರಣಿಯ ಬಾಗಿಲಲ್ಲಿ ಕೂತು ಜೀವ ತಿಂದು ಅದನ್ನು ಕೇಳಿ ಪಡೆದಳು. "ಪುಣ್ಯಕ್ಕ ಕೊಟ್ಟಿಲ್ಲ ಅಂವ. ಪಕ್ಕದಾಗ ಅವನ ಮಷೀನ್ ಅದ, ಬಿಟ್ಟಿ ಕಾವಲು ಸಿಕ್ತು" ಎಂದು ನನ್ನೆದುರು ಗೊಣಗಿದಳು. ಕಮಿಟಿ ಒಂದೇ ಷರತ್ತು ಹಾಕಿತು. ಓಣಿಯ ಒಂದು ಸಾಮಾನು ಗೋದಾಮಿನಲ್ಲಿ ಸಿಕ್ಕರೂ ಆವತ್ತೇ ಬೀಗ, ಎಲ್ಲರೂ ಲಾರಿ ಹತ್ತಬೇಕು. ಅತ್ತೆ ಒಪ್ಪಿದಳು.

ಹೀಗೆ ಕಾರ್ತಿಕದ ಚಳಿಯಲ್ಲಿ ಗೋದಾಮು ತುಂಬಿತು. ಅತ್ತೆ ಬೆಳಿಗ್ಗೆ ಗಂಜಿ ಹಾಕುವಳು, ಸಂಜೆ ಎಲ್ಲರ ಗಂಟು ಬಿಚ್ಚಿ ನೋಡುವಳು. ಅವರೂ ಅವಳನ್ನು ನಂಬಲಿಲ್ಲ. ಗಂಜಿಯಲ್ಲಿ ಏನು ಬೆರೆಸುತ್ತಾಳೋ, ಯಾವ ತೋಟಕ್ಕೆ ತಮ್ಮನ್ನು ಕೂಲಿಗೆ ಮಾರುತ್ತಾಳೋ ಎಂಬ ಗುಸುಗುಸು ನಡೆದೇ ಇತ್ತು. ನಂಬಿದವನು ಯಮನೂರಪ್ಪ ಒಬ್ಬನೇ. ದೇವದುರ್ಗದ ಕಡೆಯವ, ಬಸುರಿ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಸೌದೆ ಒಡೆಯುವನು, ನೀರು ಸೇದುವನು, ಅತ್ತೆ ಬೈದರೆ ನಗುವನು. ಗಂಟು ನೋಡುವ ಹೊತ್ತಿಗೆ ತಾನೇ ಬಿಚ್ಚಿ ಇಟ್ಟಿರುವನು. ಅವನ ಗಂಟಿಗೆ ಮಾತ್ರ ಅವಳು ಕೈ ಹಾಕುತ್ತಿರಲಿಲ್ಲ, ಕಣ್ಣಾಡಿಸಿ ಮುಂದೆ ಹೋಗುವಳು. ನನ್ನ ತಕ್ಕಡಿಗೂ ಸಿಗದ ಮರ್ಯಾದೆ ಅದು!

ಮುಂದಿನ ಹುಣ್ಣಿಮೆಗೆ ಚಂದ್ರಗ್ರಹಣ ಹಿಡಿಯಿತು. ಅದಾದ ಎರಡು ದಿನಕ್ಕೆ ಕಮಿಟಿಯವರು ಗೋದಾಮು ನೋಡಲು ಬಂದರು. ಯಮನೂರಪ್ಪನ ಹೆಂಡತಿಯ ತಲೆದೆಸೆಯಲ್ಲಿ ಒಂದು ಕಂಚಿನ ಬಟ್ಟಲು. ಪ್ರಾಣೇಶರಾಯರು ಎತ್ತಿ ತಿರುಗಿಸಿದರು. ತಳದಲ್ಲಿ ಅವರ ತಂದೆಯ ಹೆಸರು ಕೊರೆದಿತ್ತು.

"ಇದು ನಮ್ಮ ಮನೀದು" ಎಂದರು. ಮುಖ ಕೆಂಪಾಗಿತ್ತು.

ಯಮನೂರಪ್ಪ ಗಾಬರಿಯಾಗಲಿಲ್ಲ. "ನಾ ಕದ್ದಿಲ್ರಿ ಯಪ್ಪಾ. ಗ್ರಾಣ ಬಿಟ್ಟ ಮುಂಜಾನಿ ಬಾವಿ ಕಡೆ ಹೊಂಟಿದ್ದೆ. ಮಡಿ ಉಟ್ಟ ಒಬ್ಬಾಕಿ ಅಮ್ಮಾರು ಕರ್ದು ತುಪ್ಪ ಹಾಕಿದ ಬಟ್ಟಲ ಕೈಯಾಗ ಇಟ್ರು. ತೊಗೊಂಡು ಹಿಂದ ತಿರುಗಿ ನೋಡದಂಗ ಹೋಗು ಅಂದ್ರು. ಸೆರಗು ಮುಖಕ್ಕ ಇತ್ತು. ಬಸುರಿ ಹೆಂಗಸಿಗೆ ಅಂತ ಕೊಟ್ಟಾರ ಅಂತ ತಂದು ಉಣಿಸೀನ್ರಿ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅವಳ ಕಣ್ಣಿನಲ್ಲಿ ಚೀಕಲಪರ್ವಿಯ ಮೈದುನ ತಂದ ಕಾಗದ ಇತ್ತು. ಪಟ್ಟಣದಲ್ಲಿ ಸೀಮೆಎಣ್ಣೆಗೂ ಸರದಿ ನಿಲ್ಲುವ ದಿನಗಳಲ್ಲಿ, ಯಾವ ಪುಣ್ಯವಂತೆ ಗುರುತಿಲ್ಲದವನಿಗೆ ತುಪ್ಪ ತುಂಬಿದ ಕಂಚಿನ ಬಟ್ಟಲು ಕೊಡುತ್ತಾಳೆ? ಹಿಂದೆ ತಿರುಗಿ ನೋಡಬೇಡ ಎನ್ನುತ್ತಾಳೆ? ನಮ್ಮ ಮನೆಗಳಲ್ಲಿ ಗ್ರಹಣ ಹಿಡಿದಿದ್ದರೂ ಒಲೆ ಹಚ್ಚುತ್ತೇವೆ, ಉಣ್ಣುತ್ತೇವೆ. ಕೊರಳಲ್ಲಿ ಲಿಂಗ ಇದ್ದವರಿಗೆ ರಾಹುವಿನ ಉಸಾಬರಿ ಯಾಕೆ? ಹಾಗಾಗಿ ನನಗೂ ಅವಳಿಗೂ ಅವನ ಮಾತು ಹಸಿಸುಳ್ಳು ಎಂದೇ ತೋರಿತು.

"ಎಲ್ಲಾರೂ ಲಾರಿ ಹತ್ರಿ" ಎಂದರು ರಾಯರು.

ಅತ್ತೆ ಅಡ್ಡ ಬಂದಳು. "ಒಬ್ಬ ಕದ್ರ ಎಲ್ಲಾರೂ ಕಳ್ಳರಲ್ರಿ. ಕದ್ದವನ್ನ ನಾನ ಹಿಡ್ಕೊಡ್ತೀನಿ. ಗೋದಾಮಿಗೆ ಬೀಗ ಹಾಕಬ್ಯಾಡ್ರಿ." ಯಮನೂರಪ್ಪನ ರಟ್ಟೆ ಹಿಡಿದು ತಾನೇ ಪೊಲೀಸ್ ಚೌಕಿಯವರೆಗೆ ಎಳೆದುಕೊಂಡು ಹೋದಳು. ಅವನು ಕೈ ಕೊಸರಲಿಲ್ಲ. ದಾರಿಯುದ್ದ ಒಂದೇ ಮಾತು: "ಯವ್ವಾ, ಖರೇನ ಹೇಳಾಕತ್ತೀನಿ, ನೀನರ ಕೇಳು." ಅವಳು ಕೇಳಲಿಲ್ಲ. ಅಮೀನ ಅವನನ್ನು ಹವಾಲಾತಿನ ಕಂಬಿಯೊಳಗೆ ಹಾಕಿದ. ಅಲ್ಲಿ ಏನಾಗುತ್ತದೆಂದು ಊರಿಗೆಲ್ಲ ಗೊತ್ತಿತ್ತು.

ಆ ವಾರವೇ ಗೋದಾಮಿನಲ್ಲಿ ಅವನ ಹೆಂಡತಿ ಹೆತ್ತಳು, ಗಂಡು ಮಗು. ಅತ್ತೆಯೇ ಮುಂದೆ ನಿಂತು ಬಾಣಂತನ ಮಾಡಿದಳು. ಆ ಹುಡುಗಿ ಅವಳ ಕೈಯ ಗಂಜಿ ಕುಡಿದಳೇ ಹೊರತು ಅವಳ ಮುಖ ನೋಡಲಿಲ್ಲ.

ನಿಜ ಹೊರಬಿದ್ದದ್ದು ನನ್ನ ಅಂಗಡಿಯಲ್ಲಿ. ಗುಡಿಯ ಆಚಾರ್ರು ಕರ್ಪೂರಕ್ಕೆ ಬಂದಿದ್ದರು. ಕಳ್ಳನೊಬ್ಬ ಎಂಥ ಕಥೆ ಕಟ್ಟಿದ ನೋಡಿ ಎಂದು ತುಪ್ಪದ ಬಟ್ಟಲಿನ ಸಂಗತಿ ಹೇಳಿ ನಾನು ನಕ್ಕೆ. ಆಚಾರ್ರ ಮುಖ ಬಿಳಚಿಕೊಂಡಿತು.

"ಮರಿಸ್ವಾಮಿ, ನನ್ನ ಹೆಸರು ಎತ್ತಬ್ಯಾಡ್ರಿ. ಅದು ಛಾಯಾದಾನ. ಗ್ರಹಣ ರೋಹಿಣಿಯೊಳಗ ಹಿಡೀತು, ವಕೀಲರದು ರೋಹಿಣಿ ನಕ್ಷತ್ರ. ಕಂಚಿನ ಬಟ್ಟಲದಾಗ ತುಪ್ಪ ಹಾಕಿ, ಅದರಾಗ ಮುಖ ನೋಡಿ ದಾನ ಕೊಟ್ರ, ಇದ್ದ ಕಂಟಕ ತೊಗೊಂಡವನ ಕಡೆ ಹೋಗ್ತದ. ಅವರ ತಾಯಿ ಅಹಲ್ಯಾಬಾಯಿ ನನಗ ತೊಗೋ ಅಂದ್ರು. ನನಗೂ ಹೆಂಡ್ತಿ ಮಕ್ಕಳು ಅವರಪಾ, ಒಲ್ಲೆ ಅಂದೆ."

"ವಕೀಲ್ರು ಇದನ್ನೆಲ್ಲ ನಂಬೂದಿಲ್ಲಲ್ರಿ?"

"ಅವರಿಗೆಲ್ಲಿ ಗೊತ್ತು? ತುಪ್ಪದಾಗ ಇರಿವಿ ಬಿದ್ದಾವೇನು ನೋಡಪಾ ಅಂತ ಬಟ್ಟಲ ಮುಂದ ಹಿಡಿದ್ರ ಯಾರು ನೋಡೂದಿಲ್ಲ?"

ಅತ್ತೆಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆಯದೆ ಎದ್ದಳು. ಹಿಟ್ಟಿನ ಕೈಯಲ್ಲೇ ರಾಯರ ಹಿತ್ತಿಲ ಬಾಗಿಲಿಗೆ ಹೋದಳು, ನಾನು ಹಿಂದೆ ಓಡಿದೆ. ಅಹಲ್ಯಾಬಾಯಿ ಮಡಿಯಲ್ಲಿ ತುಳಸಿಕಟ್ಟೆಯ ಹತ್ತಿರ ಇದ್ದರು. ಅತ್ತೆ ಸುತ್ತುಬಳಸಿ ಮಾತಾಡಲಿಲ್ಲ.

"ಬಾಯೇರ, ಬಟ್ಟಲಾ ನೀವ ಕೊಟ್ರಿ. ಬಾಯಿ ಬಿಟ್ಟು ಹೇಳ್ರಿ. ಅಲ್ಲಿ ಒಬ್ಬ ಏಟು ತಿನ್ನಾಕತ್ತಾನ."

ಆ ಮುದುಕಿ ಅಳತೊಡಗಿದರು. "ಹ್ಯಾಂಗ ಹೇಳ್ಲಿ ವೀರಭದ್ರಮ್ಮ? ಇಬ್ಬರನ್ನ ಕಳಕೊಂಡು ಉಳಿದವ ಇವ ಒಬ್ಬ. ಕೊಟ್ಟದ್ದು ಬಾಯಿಲೆ ಆಡಿದ್ರ ತಿರುಗಿ ಅವನ ಮ್ಯಾಲೇ ಬರ್ತದ. ಆ ಮನುಷ್ಯಾಗ ಏನು ಬೇಕು ಕೇಳ್ರಿ, ಕಾಳು ಕೊಡ್ತೀನಿ, ಅರಿವಿ ಕೊಡ್ತೀನಿ. ಇದೊಂದು ಕೇಳಬ್ಯಾಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಅತ್ತೆ ದನಿ ತಗ್ಗಿಸಿದಳು. "ಆ ಬಟ್ಟಲಾ ಈಗ ಎಲ್ಲಿ ಅದ ಗೊತ್ತೇನ್ರಿ? ಅಮೀನನ ಕಪಾಟಿನಾಗ. ಕೇಸ್ ಮುಗೀತು ಅನ್ರಿ, ಕಳುವಿನ ಮಾಲು ಯಾರಿಗೆ ಕೊಡ್ತಾರ? ಮಾಲಿನ ಧಣಿಗೆ. ನಿಮ್ಮ ಮಗನ ಕೈಯಾಗ, ಸಹಿ ಹಾಕಿಸ್ಕೊಂಡು ಕೊಡ್ತಾರ."

ಅಹಲ್ಯಾಬಾಯಿಯ ಅಳು ಗಕ್ಕನೆ ನಿಂತಿತು.

"ನೀವು ಕೊಟ್ಟದ್ದು ಅಂತಾದ್ರ ಅದು ವಾಪಸ್ ಬರೂದಿಲ್ಲ. ಬೇಕಾದ್ರ ನಾ ತೊಗೊಂತೀನಿ. ನಿಮ್ಮ ರಾಹು ನಮ್ಮ ಮನ್ಯಾಗ ಇರ್ಲಿ ಬಿಡ್ರಿ, ನಾ ಅವಗೂ ಗಂಜಿ ಕುಡಿಸ್ತೀನಿ."

ಒಳಗೆ ತಾಯಿ ಮಗನ ನಡುವೆ ಏನು ಮಾತಾಯಿತೋ ಗೊತ್ತಿಲ್ಲ. ರಾಯರು ರುಮಾಲು ಸರಿಯಾಗಿ ಸುತ್ತಿಕೊಳ್ಳದೆ ಚೌಕಿಗೆ ನಡೆದರು. ಬಟ್ಟಲು ನಮ್ಮ ಮನೆಯವರೇ ಕೊಟ್ಟದ್ದು, ನನಗೆ ತಿಳಿದಿರಲಿಲ್ಲ ಎಂದರು. ಯಾಕೆ ಕೊಟ್ಟದ್ದೆಂದು ಅಮೀನ ಕೇಳಿದ್ದಕ್ಕೆ ರುಮಾಲು ಸರಿಮಾಡಿಕೊಂಡು ಹೊರಟುಬಂದರು. ಆಮೇಲೆ ಅವರು ಗೋದಾಮಿಗೆ ಬೀಗ ಹಾಕುವ ಮಾತೆತ್ತಲಿಲ್ಲ. ಬದಲಿಗೆ ಅಲ್ಲಿಗೆ ನಲ್ಲಿಯೂ ದೀಪವೂ ಬೇಕೆಂದು ಬಲ್ದಿಯಾಕ್ಕೆ ಅವರೇ ಅರ್ಜಿ ಬರೆದರು. ನಾಚಿಕೆಯಿಂದ ಬರೆದರೋ, ಸುದ್ದಿ ಹಬ್ಬದಿರಲಿ ಎಂದು ಬರೆದರೋ ನಾನು ಹೇಳಲಾರೆ. ರಜಾಕಾರರ ಗಲಾಟೆಯಲ್ಲೂ, ಪೊಲೀಸ್ ಆ್ಯಕ್ಷನ್ ಆಗಿ ಸರ್ಕಾರ ಬದಲಾದ ಮೇಲೂ ಆ ಗೋದಾಮು ನಡೆಯಿತು. ಅತ್ತೆಯನ್ನು ಹೊಗಳುವವರೆಲ್ಲ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ.

ಯಮನೂರಪ್ಪ ಬಿಡುಗಡೆಯಾಗಿ ಬಂದ ಬೆಳಿಗ್ಗೆ ನಾನು ಗೋದಾಮಿನ ಬಾಗಿಲಲ್ಲಿದ್ದೆ. ಬಲಗೈ ಊದಿತ್ತು, ಒಂದು ಕಾಲು ಎಳೆದು ಹಾಕುತ್ತಿದ್ದ. ಅತ್ತೆ ಬಿಸಿ ಗಂಜಿಯ ತಾಟು ಹಿಡಿದು ಎದುರಿಗೆ ಹೋದಳು. ಅವನು ಪಕ್ಕಕ್ಕೆ ಸರಿದು ಒಳಗೆ ಹೋಗಿ, ಮಗುವಿನ ಮುಖ ನೋಡಿ, ಹೆಂಡತಿಗೆ ಗಂಟು ಕಟ್ಟು ಎಂದ.

"ಎಲ್ಲಿಗೆ ಹೊಂಟೀಯೋ? ಹಸಿ ಬಾಣಂತಿ ಅದಾಳ, ಚಳಿ ಅದ" ಎಂದಳು ಅತ್ತೆ. "ತಪ್ಪಾತಪ್ಪಾ. ಆಕಿ ತನ್ನ ಮಗನ ಕಂಟಕ ನಿನ್ನ ಕೊರಳಿಗೆ ಕಟ್ಟಿದ್ಳು. ನನಗೆಲ್ಲಿ ಗೊತ್ತಿತ್ತು?"

ಅವನು ಮಗುವನ್ನು ಎಡಗೈಯಲ್ಲಿ ಎದೆಗೆ ಒತ್ತಿಕೊಂಡು ಅವಳನ್ನೇ ನೋಡಿದ. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು.

"ಆಕಿಗೆ ನಾ ಯಾರಂತ ಗೊತ್ತಿದ್ದಿಲ್ಲ ಯವ್ವಾ. ನಿನಗ ಗೊತ್ತಿತ್ತು."

ಗಂಡ ಹೆಂಡತಿ ಸ್ಟೇಷನ್ ಕಡೆ ನಡೆದರು. ಅತ್ತೆ ತಾಟು ಹಿಡಿದುಕೊಂಡು ಅಲ್ಲೇ ನಿಂತಿದ್ದಳು, ಒಳಗಿನವರು ಗಂಜಿಗಾಗಿ ಕೂಗುತ್ತಿದ್ದರೂ ಕೇಳಿಸಿಕೊಳ್ಳಲಿಲ್ಲ.