ಸಡಿಲ ಕಂಕುಳಿನ ಕರಿ ಕೋಟು

ನನ್ನ ಬಟ್ಟೆ ಅಂಗಡಿಯ ಮಹಡಿಯಲ್ಲಿ ವಕೀಲರ ಕಚೇರಿ, ಮೆಟ್ಟಿಲ ಕೆಳಗೆ ಟೈಲರ್ ಅಕ್ಕನ ಹೊಲಿಗೆ ಮೆಷಿನ್ನು. ಕಟ್ಟಡ ನನ್ನದು. ಮೂವತ್ತು ವರ್ಷದಿಂದ ಹೀಗೆಯೇ. ವಕೀಲರ ಮೊದಲ ಕರಿ ಕೋಟು ಹೊಲಿದವಳು ಅಕ್ಕ; ಹೊಟ್ಟೆ ಬೆಳೆದಂತೆಲ್ಲ ಬಿಚ್ಚಿ ಹಿಗ್ಗಿಸಿದವಳೂ ಅವಳೇ.

ಗೋಡೆಯ ಜಗಳವಿರಲಿ, ಗಂಡಹೆಂಡಿರ ಜಗಳವಿರಲಿ, ಮೂರು ಸಲ ಓದದೆ ವಕೀಲರು ಯಾವ ಕಾಗದಕ್ಕೂ ರುಜು ಹಾಕಿದವರಲ್ಲ. ಮದುವೆಯ ಕರೆಯೋಲೆ ಕೊಟ್ಟರೂ ಪೆನ್ಸಿಲಿನಿಂದ ತಿದ್ದಿ ವಾಪಸು ಕೊಡುತ್ತಿದ್ದರು. ಇಂಥವರು ಇರಬೇಕಾದದ್ದು ಸದನದಲ್ಲೇ ಎಂದು ಜನ ಶಾಸಕರನ್ನಾಗಿ ಆರಿಸಿ ಕಳಿಸಿದರು. ಐದು ವರ್ಷ ಕೂತು ಬಂದರು. ಮುಂದಿನ ಸಲ ಸೋತು, ಮಹಡಿಯ ಕುರ್ಚಿಯ ಧೂಳು ಒರೆಸಿ ಮತ್ತೆ ಕೂತರು.

ಆ ವರ್ಷವೇ ಅಕ್ಕನಿಗೆ ಪುರಸಭೆಯ ನೋಟಿಸು ಬಂತು. ಬೆಂಕಿ ಬಿದ್ದರೆ ಜನ ಓಡಲು ಜಾಗವಿರಲೆಂದು ಕಾಯ್ದೆಯಾಗಿದೆ; ಮೆಟ್ಟಿಲ ಕೆಳಗೆ ಕಸುಬು ಮಾಡುವಂತಿಲ್ಲ; ಹದಿನೈದು ದಿನದಲ್ಲಿ ಏಳಬೇಕು. ಅಕ್ಕನಿಗೆ ಬೇರೆ ಜಾಗವಿಲ್ಲ. ಮನೆಯೊಳಗೆ ಮೆಷಿನ್ನು ಇಟ್ಟರೆ ಮಂಚ ಬೀದಿಗೆ ಹಾಕಬೇಕು. ನೋಟಿಸು ಹಿಡಿದು ಮಹಡಿ ಹತ್ತಿದಳು. ಗಿರಾಕಿ ಇರಲಿಲ್ಲ, ನಾನೂ ಹಿಂದೆಯೇ ಹೋದೆ.

ವಕೀಲರು ಕಾಯ್ದೆಯ ಇಸವಿ ನೋಡಿ ಕನ್ನಡಕ ತೆಗೆದರು.

“ಇದು ನಮ್ಮ ಕಾಲದ್ದೇ ಕಣಮ್ಮ. ನಾನೂ ಕೈ ಎತ್ತಿದ್ದೆ.”

“ಓದಿದ್ರಾ ಅಣ್ಣ?”

“ಇಲ್ಲ. ಊಟದ ಹೊತ್ತಾಗಿತ್ತು. ಮುಂದೆ ಕೂತವರು ಎತ್ತಿದ್ರು, ನಾನೂ ಎತ್ತಿದೆ.”

ಅಕ್ಕ ಅವರ ಕೋಟಿನ ಕಡೆ ನೋಡಿದಳು. “ನಿಮ್ಮ ಕೋಟಿನ ಕಂಕುಳು ಸಡಿಲ ಬಿಟ್ಟಿದ್ದು ನಂದೇ ತಪ್ಪು. ಬಿಗಿಯಾಗಿ ಹೊಲ್ದಿದ್ರೆ ಕೈ ಅಷ್ಟು ಸಲೀಸಾಗಿ ಮೇಲೆ ಹೋಗ್ತಿರ್ಲಿಲ್ಲ.”

ವಕೀಲರು ನಗಲಿಲ್ಲ. ಕಾಯ್ದೆಯ ಪ್ರತಿ ತರಿಸಿ, ಬಾಗಿಲು ಹಾಕಿಕೊಂಡು ಮೂರು ದಿನ ಓದಿದರು. ನಾಲ್ಕನೇ ದಿನ ಅಕ್ಕನ ಟೇಪನ್ನೇ ಇಸಿದುಕೊಂಡು ಮೆಷಿನ್ನಿನಿಂದ ಎದುರು ಗೋಡೆಯವರೆಗೆ ಅಳೆದರು. ಕೊನೆಯ ಪುಟದಲ್ಲಿ ಒಂದು ವಿನಾಯಿತಿ ಇತ್ತಂತೆ: ಓಡಾಡಲು ನಾಲ್ಕು ಅಡಿ ಉಳಿದು, ಕಟ್ಟಡದ ಮಾಲೀಕ ಬರೆದು ಒಪ್ಪಿದರೆ, ಹಳಬರು ಇರಬಹುದು. ಒಂದು ಗೇಣು ಕಡಿಮೆ ಬಿತ್ತು. ಮೂವರೂ ಸೇರಿ ಮೆಷಿನ್ನನ್ನು ಹಿಂದಕ್ಕೆ ಸರಿಸಿದೆವು.

ಒಪ್ಪಿಗೆ ಪತ್ರವನ್ನು ನನ್ನ ಮುಂದಿಟ್ಟರು. ನಾಲ್ಕು ಪುಟ. ಕೆಳಗೆ ಗಿರಾಕಿ ಕೂಗುತ್ತಿದ್ದ. ನಾನು ನೇರವಾಗಿ ಕೊನೆಯ ಪುಟ ತೆರೆದೆ. ವಕೀಲರು ಕಾಗದ ಎಳೆದುಕೊಂಡು, “ಮೊದ್ಲು ಓದಿ ಸಾಹುಕಾರ್ರೇ,” ಎಂದರು. ಓದಿದೆ. ಎಡಕ್ಕಿದ್ದ ಮೆಷಿನ್ನನ್ನು ಎರಡನೇ ಪುಟದಲ್ಲಿ ಬಲಕ್ಕೆ ಹಾಕಿದ್ದರು. ತೋರಿಸಿದೆ, ತಿದ್ದಿದರು, ಆಮೇಲೆ ರುಜು.

ನೋಟಿಸು ವಾಪಸಾದ ಮರುದಿನ ವಕೀಲರು ಕೋಟು ತಂದು ಅಕ್ಕನ ಮುಂದಿಟ್ಟು, ಕಂಕುಳು ಸ್ವಲ್ಪ ಬಿಗಿ ಮಾಡಿಕೊಡು ಎಂದರು. ಮತ್ತೆ ಚುನಾವಣೆಗೆ ನಿಲ್ಲುತ್ತಾರೆಂದು ನನಗೆ ಆಗಲೇ ಗೊತ್ತಾಯಿತು.