ಆಪ್ ಇಲ್ಲದ ಮೊದಲ ಮ್ಯಾಚು

ಗೆಳೆಯರೇ, ಇವತ್ತು ಟಾಸ್‌ಗೆ ಮುಂಚೆ ಗೆಳೆಯ ಮಂಜ ಫೋನ್ ಮಾಡಿದ.
“ಮಗಾ, ಫ್ಯಾಂಟಸಿ ಟೀಮ್ ಹಾಕಿದ್ಯಾ?”
“ಇಲ್ಲ ಗುರು, ಆಪೇ ತೆಗೆದುಬಿಟ್ಟೆ.”
“ಮತ್ತೆ ಮ್ಯಾಚ್ ಯಾಕೋ ನೋಡ್ತೀಯ?”
ಫೋನಿಟ್ಟು ಟಿವಿ ಹಾಕಿದೆ.

ಸ್ವಲ್ಪ ಹೊತ್ತಿಗೇ ಬೆಂಗಳೂರಿನ ಓಪನರ್ ಬೋಲ್ಡ್ ಆದ. “ಅಯ್ಯೋ!” ಎಂದು ಕಿರುಚಿದೆ. ಅಡುಗೆಮನೆಯಿಂದ ಅಮ್ಮ ಓಡಿಬಂದರು. ಹೋದ ವಾರ ಇದೇ ಓಪನರ್ ಔಟಾದಾಗ, ಎರಡೂ ತಂಡಗಳಿಂದ ಆಟಗಾರರನ್ನು ಆರಿಸಿ ಆಪ್‌ನಲ್ಲಿ ಕಟ್ಟಿದ್ದ ನನ್ನ ಫ್ಯಾಂಟಸಿ ಟೀಮಿಗೆ ಎದುರಾಳಿ ಬೌಲರೇ ಕ್ಯಾಪ್ಟನ್ ಎಂದು ಚಪ್ಪಾಳೆ ತಟ್ಟಿ ಅಮ್ಮನಿಂದ ಬೈಸಿಕೊಂಡಿದ್ದೆ.

“ನಮ್ಮವರು ಔಟಾಗಿದ್ದಕ್ಕಾ ಕೂಗಿದ್ದು?”
“ಹೂಂ ಅಮ್ಮ.”
“ಸದ್ಯ, ನಮ್ ಕಡೆಗೆ ವಾಪಸ್ ಬಂದ್ಯಲ್ಲಪ್ಪ!”

ಕೊನೆಗೆ ನಮ್ಮವರು ಸೋತರು. ನಮ್ಮ ಇಡೀ ವಿಜಯನಗರ ಬಡಾವಣೆಯ ಜೊತೆ ನಾನೂ ಎದೆಯುಬ್ಬಿಸಿ ಬೇಜಾರು ಮಾಡಿಕೊಂಡೆ. ಮಂಜಾ, ಇದಕ್ಕೇ ಕಣೋ ನೋಡೋದು!