ಅವ್ವ ಖಾಲಿ ಮಾಡಿದ ಟಬ್

ಪಟ್ಟಿ ಮಾಡುವುದು ನನ್ನ ಹುಟ್ಟುಗುಣ. ೨೦೧೬ರಲ್ಲಿ ಅವ್ವ ನ್ಯೂಜಿಲೆಂಡಿನ ಅಪ್ಪರ್ ಹಟ್‌ನ ನಮ್ಮ ಮನೆಯಲ್ಲಿ ಆರು ತಿಂಗಳಿದ್ದು ಧಾರವಾಡಕ್ಕೆ ಹೊರಟಾಗ, ಅವಳನ್ನು ಬಿಟ್ಟುಬರಲು ಮಗಳು ನಾನೂ ಹೊರಟೆ. ದಾರಿಯಲ್ಲಿ ಜಪಾನಿನಲ್ಲಿ ಮೂರು ದಿನ ಇಳಿಯುವುದೆಂದು ಗೊತ್ತುಮಾಡಿದೆ. ಬಿಸಿನೀರಿನ ಬುಗ್ಗೆಯಿರುವ ಸಣ್ಣ ಊರಿನಲ್ಲಿ ಹಳೇ ಪದ್ಧತಿಯ ಒಂದು ಹೋಟೆಲು. ಅಲ್ಲಿ ಹೇಗಿರಬೇಕು, ಹೇಗಿರಬಾರದು ಎಂದು ಇಂಟರ್ನೆಟ್ಟನ್ನೆಲ್ಲ ಜಾಲಾಡಿ ಬರೆದುಕೊಂಡು, ಅವ್ವನನ್ನು ಎದುರಿಗೆ ಕೂರಿಸಿಕೊಂಡು ಓದಿದೆ.

ಬೂಟು ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಸಂಡಾಸಿಗೆ ಬೇರೆ ಚಪ್ಪಲಿ, ಅದನ್ನು ಮೆಟ್ಟಿಕೊಂಡು ಕೋಣೆಗೆ ಬರಬಾರದು. ಚಾಪೆಯ ನೆಲ, ಕೆಳಗೇ ಹಾಸಿಗೆ, ಬೆಳಿಗ್ಗೆ ಅದನ್ನು ಸುತ್ತಿಡುತ್ತಾರೆ. ಬಿಸಿನೀರಿನ ಟಬ್ಬಿಗೆ ಇಳಿಯುವ ಮುಂಚೆ ಹೊರಗೇ ಕೂತು ಮೈ ತೊಳೆದುಕೊಳ್ಳಬೇಕು.

ಅವ್ವ ಬೀನ್ಸ್ ಸೋಸುವುದನ್ನು ನಿಲ್ಲಿಸಲೂ ಇಲ್ಲ. "ಇದನ್ನೆಲ್ಲಾ ನನಗ ಹೇಳಿಕೊಡಾಕ ಬಂದಿ ಏನ? ನಿನಗ ಕಲಿಸಿದಾಕಿನ ನಾನು. ಮುಂದ ಓದು."

ಮುಂದಿನದನ್ನು ಓದಿದೆ. ಹೆಂಗಸರಿಗೆಲ್ಲ ಸೇರಿ ಒಂದೇ ಸ್ನಾನದ ಮನೆ, ಮೈಮೇಲೆ ಬಟ್ಟೆ ಇರಬಾರದು. ಬೀನ್ಸ್ ಸೋಸುವ ಕೈ ನಿಂತಿತು.

"ನಾ ಒಲ್ಲೆ. ನೀ ಹೋಗು. ನಾ ಖೋಲ್ಯಾಗ ಕೂಡ್ತೀನಿ."

ಅದು ಬರೀ ಸಂಕೋಚವಲ್ಲ ಎಂದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಆಪರೇಷನ್ ಮಾಡಿ ಅವಳ ಎಡಗಡೆಯ ಮೊಲೆ ತೆಗೆದಿದ್ದರು. ಆಗ ಫೋನಿನಲ್ಲಿ, "ನೀ ಬರಬ್ಯಾಡ, ಸುಮ್ನ ರಜಾ ಹಾಳಾಗ್ತಾವು" ಎಂದಿದ್ದಳು. ನಂಬಿದರೆ ನನಗೇ ಅನುಕೂಲವಾಗಿದ್ದರಿಂದ ನಂಬಿಬಿಟ್ಟಿದ್ದೆ. ಇಲ್ಲಿಗೆ ಬಂದ ಮೇಲೆ ಸೀರೆ ಬದಲಿಸುವಾಗಲೂ ಚಿಲಕ ಹಾಕಿಕೊಳ್ಳುತ್ತಿದ್ದಳು. ಆ ಚಿಲಕದ ಸದ್ದು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು. ಅವಳ ಮೈಗೆ ಏನಾಗಿದೆ ಎಂದು ನೋಡುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ. ಆ ಹೋಟೆಲನ್ನೇ ಹುಡುಕಿ ಆರಿಸಿದ್ದಕ್ಕೆ ಕಾರಣವೂ ಅದೇ. ಬುಗ್ಗೆಯ ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದುಕೊಂಡು ಸುಮ್ಮನಾದೆ.

ಬೇಲಿಯ ಆಚೆ ಮನೆಯಲ್ಲಿ ಜಪಾನಿನ ಆಂಟಿಯೊಬ್ಬರಿದ್ದರು. ಇಲ್ಲಿಯವರನ್ನು ಮದುವೆಯಾಗಿ ಬರುವ ಮುಂಚೆ ತಮ್ಮ ಊರಿನ ಬುಗ್ಗೆ ಹೋಟೆಲಿನಲ್ಲಿ ಹಾಸಿಗೆ ಹಾಸುವ, ಸ್ನಾನದ ಮನೆ ತೊಳೆಯುವ ಕೆಲಸ ಮಾಡಿದ್ದವರು. ಅವ್ವನಿಗೆ ಇಂಗ್ಲಿಷ್ ಬಾರದು, ಆಂಟಿಗೆ ಕನ್ನಡ ಬಾರದು. ಆದರೂ ಬೇಲಿಯ ಮೇಲಿಂದ ಶೇಂಗಾ ಚಟ್ನಿ ಆ ಕಡೆ, ಪರ್ಸಿಮನ್ ಹಣ್ಣು ಈ ಕಡೆ ದಿನವೂ ದಾಟುತ್ತಿದ್ದವು. ನಾವು ಹೋಗುವ ಹೋಟೆಲಿನ ವಿಷಯ ತಿಳಿದ ಆಂಟಿ, "ಭಾನುವಾರ ಮಧ್ಯಾಹ್ನ ಅಮ್ಮನನ್ನು ಕರಕೊಂಡು ಬಾ, ನಮ್ಮ ಮನೆಯಲ್ಲೇ ಅಭ್ಯಾಸ ಆಗಲಿ" ಎಂದರು.

ಅವರ ಗಂಡ ತಮ್ಮ ಕೈಯಾರೆ ಕಟ್ಟಿಕೊಟ್ಟ ಸ್ನಾನದ ಮನೆ ಅದು. ಕತ್ತಿನವರೆಗೆ ನೀರು ಬರುವ ಆಳದ ಟಬ್, ಪಕ್ಕದಲ್ಲಿ ಮೈ ತೊಳೆಯಲು ನೆಲ, ಕುಳ್ಳ ಸ್ಟೂಲು, ಬಕೆಟ್ಟು. ಅವ್ವ ಒಳಗೆ ಹೋದಳು. ಚಿಲಕ ಬಿತ್ತು.

ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ನಾನು ಆಂಟಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಅಯ್ಯೋ ಪಾಪ ಎನ್ನಲಿಲ್ಲ. ಅಂಥ ಹೋಟೆಲುಗಳಿಗೆ ಆಪರೇಷನ್ ಆದವರೂ ಬರುತ್ತಾರೆ, ನಾನೇ ಎಷ್ಟೋ ಜನರನ್ನು ನೋಡಿದ್ದೇನೆ ಎಂದರು. ಕೆಲವು ಕಡೆ ಒಂದು ಮನೆಯವರಿಗೆಂದೇ ಗಂಟೆಯ ಲೆಕ್ಕದಲ್ಲಿ ಬಿಟ್ಟುಕೊಡುವ ಸಣ್ಣ ಸ್ನಾನದ ಮನೆ ಇರುತ್ತದೆ, ಮೊದಲೇ ಕೇಳಿ ಹೇಳಿಟ್ಟಿರಬೇಕು ಎಂದೂ ಹೇಳಿದರು. ನನ್ನ ಅಷ್ಟುದ್ದದ ಪಟ್ಟಿಯಲ್ಲಿ ಬೇಕಾಗಿದ್ದ ಈ ಒಂದು ಮಾತೇ ಇರಲಿಲ್ಲ.

ಅಷ್ಟರಲ್ಲಿ ಆಂಟಿಯ ಗಂಡ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಮ್ಮ ಸರದಿಗೆ ಬಂದು ನಿಂತರು. ಒಳಗಿನಿಂದ ಗೊಳಗೊಳ ನೀರು ಹರಿದುಹೋಗುವ ಸದ್ದು, ಆಮೇಲೆ ಪರಪರ ಉಜ್ಜುವ ಸದ್ದು ಕೇಳಿತು. ಬಾಗಿಲು ತೆರೆಯಿತು. ಸೆರಗು ಸೊಂಟಕ್ಕೆ ಸಿಗಿಸಿಕೊಂಡ ಅವ್ವ ಬೆವರುತ್ತ ನಿಂತಿದ್ದಳು. ಹಿಂದೆ ಟಬ್ ಖಾಲಿಯಾಗಿ ಫಳಫಳ ಹೊಳೆಯುತ್ತಿತ್ತು. ತೊಳೆದ ಭರಕ್ಕೆ ಮನೆಯ ನೀರು ಕಾಯಿಸುವ ಟ್ಯಾಂಕಿನಲ್ಲೂ ಬಿಸಿನೀರು ಉಳಿದಿರಲಿಲ್ಲ.

"ಅವ್ವಾ, ಏನ ಮಾಡೀ ಇದು! ಆ ನೀರು ಎಲ್ಲಾರಿಗೂ ಸೇರಿದ್ದು, ಒಬ್ಬರಾದ ಮ್ಯಾಲ ಒಬ್ಬರು ಅದರಾಗ ಇಳೀತಾರ!"

"ನಾ ಕುಂತೆದ್ದ ನೀರು ಹಂಗ ಬಿಟ್ಟು ಬರ್ಲಿ ಏನ? ಹಿಂದ ಬರಾವ್ರು ಏನಂದಾರು?"

ನಾಚಿಕೆಯಿಂದ ಹಿಡಿಯಷ್ಟಾಗಿ ಆಂಟಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಂಕಲ್ ನಕ್ಕು, ಟವೆಲ್ ಹೊತ್ತುಕೊಂಡೇ ತೋಟಕ್ಕೆ ಹೋದರು. ಆಂಟಿ ನಗಲಿಲ್ಲ. ಟಬ್ಬಿನ ಅಂಚನ್ನು ಕೈಯಿಂದ ಸವರಿ ನೋಡಿದರು. "ಹೋಟೆಲಿನಲ್ಲಿದ್ದಾಗ ಹನ್ನೊಂದು ವರ್ಷ ಬೇರೆಯವರ ಟಬ್ ತೊಳೆದೆ. ನನಗಾಗಿ ತೊಳೆದವರು ನಿನ್ನ ಅಮ್ಮ ಒಬ್ಬರೇ" ಎಂದು ಅವ್ವನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅವ್ವನೂ ಗಡಬಡಿಸಿ ಒದ್ದೆ ಕೈ ಜೋಡಿಸಿದಳು. ಆಮೇಲೆ ಆಂಟಿ ತಾವೇ ಆ ಹೋಟೆಲಿಗೆ ಫೋನ್ ಮಾಡಿ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿ, ಸಣ್ಣ ಸ್ನಾನದ ಮನೆಯನ್ನು ನಮಗೆಂದು ಹೇಳಿಟ್ಟರು. ಆ ಫೋನಿನ ಋಣ ನಾನು ತೀರಿಸಲಾರೆ.

ಜಪಾನಿನಲ್ಲಿ ಎರಡನೆಯ ದಿನ ಬೆಳಿಗ್ಗೆ ನಮ್ಮ ಸರದಿ. ಅವ್ವ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ಒಳಗೆ ಹೋದಳು. ಚಿಲಕದ ಸದ್ದಿಗಾಗಿ ಕಾದೆ. ಬರಲಿಲ್ಲ. ಬಕೆಟ್ಟಿಗೆ ನೀರು ಬಿದ್ದಿತು, ನಿಂತಿತು.

"ಬಾಗಲಾ ತಗದದ. ಒಳಗ ಬಾ."

ಕುಳ್ಳ ಸ್ಟೂಲಿನ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದಳು. ಕಂಕುಳ ಕೆಳಗಿನಿಂದ ಮುಂದಕ್ಕೆ ಹೋಗಿದ್ದ ಗಾಯದ ಗೆರೆ ಕಾಣುತ್ತಿತ್ತು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

"ಬೆನ್ನ ತಿಕ್ಕು. ಆಪರೇಷನ್ ಆದಾಗಿಂದ ಈ ಕೈ ಮ್ಯಾಲ ಏಳೂದಿಲ್ಲ. ಎರಡ ವರ್ಷಾತು, ಬೆನ್ನ ತಿಕ್ಕೊಂಡಿಲ್ಲ."

ಆರು ತಿಂಗಳು ಒಂದೇ ಮನೆಯಲ್ಲಿದ್ದೆವು. ನನಗೆ ಗೊತ್ತೇ ಇರಲಿಲ್ಲ. ಸೋಪು ಹಚ್ಚಿದ ಬಟ್ಟೆ ಹಿಡಿದು ಅವಳ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಕೈ ಆಡಲಿಲ್ಲ, ಅಳು ಬಂತು. ಅವ್ವ ತಿರುಗಿ ನೋಡದೆ ಬೆನ್ನನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದಳು.

"ಅತ್ತದ್ದ ಸಾಕು. ಗಟ್ಟಿ ತಿಕ್ಕು."